ಬಾರ್ಸಿಲೋನಾದ ಸಂತ್ ಮಾರ್ತಿಯಲ್ಲಿ ಬಾಡಿಗೆ ಮನೆ: ಯಾವ ಬಡಾವಣೆ ಯಾರಿಗೆ?

ಬಾರ್ಸಿಲೋನಾ ನಗರವನ್ನು ಆಡಳಿತದ ಅನುಕೂಲಕ್ಕಾಗಿ ಹತ್ತು ಜಿಲ್ಲೆಗಳಾಗಿ ವಿಂಗಡಿಸಲಾಗಿದ್ದು, ಅವುಗಳಲ್ಲಿ ಹತ್ತನೆಯದು ಸಂತ್ ಮಾರ್ತಿ. ನಗರದ ಈಶಾನ್ಯ ತುದಿಯಲ್ಲಿ ಸಮುದ್ರಕ್ಕೂ ಬೆಸೋಸ್ ನದಿಗೂ ಒತ್ತಿಕೊಂಡಿರುವ ಈ ಜಿಲ್ಲೆಯಲ್ಲಿ ಎರಡೂ ಕಾಲು ಲಕ್ಷಕ್ಕೂ ಹೆಚ್ಚು ಜನ ವಾಸಿಸುತ್ತಾರೆ; ಎಶಾಂಪ್ಲೆಯನ್ನು ಬಿಟ್ಟರೆ ಜನಸಂಖ್ಯೆಯಲ್ಲಿ ಇದೇ ದೊಡ್ಡದು. 1897ರವರೆಗೆ ಇದು ಬಾರ್ಸಿಲೋನಾಕ್ಕೆ ಸೇರದ ಪ್ರತ್ಯೇಕ ಪುರಸಭೆಯಾಗಿತ್ತು. ಹೊಲಗದ್ದೆಗಳಿದ್ದ ಕಡೆ ಬಟ್ಟೆ ಗಿರಣಿಗಳು ಎದ್ದು, ಗಿರಣಿಗಳು ಮುಚ್ಚಿದ ಜಾಗದಲ್ಲಿ ಗಾಜಿನ ಕಚೇರಿಗಳು ತಲೆಯೆತ್ತಿದ ಇತಿಹಾಸ ಇದರದು. ಆದ್ದರಿಂದಲೇ ಇಲ್ಲಿನ ಹತ್ತು ಬಡಾವಣೆಗಳಲ್ಲಿ ಒಂದು ಇನ್ನೊಂದರಂತಿಲ್ಲ.

ಬೆಂಗಳೂರಿನಿಂದ ಸಾಫ್ಟ್‌ವೇರ್ ಕೆಲಸದ ಮೇಲೆ ಬಾರ್ಸಿಲೋನಾಕ್ಕೆ ಹೋಗುವವರಿಗೆ ಈ ಜಿಲ್ಲೆಯ ಹೆಸರು ಬೇಗನೆ ಕಿವಿಗೆ ಬೀಳುವುದಕ್ಕೆ ಕಾರಣವಿದೆ. 2000ರಲ್ಲಿ ನಗರಸಭೆ ಒಪ್ಪಿದ ‘22 ಅರೋಬಾ’ (22@) ಯೋಜನೆಯ ಪ್ರಕಾರ ಪೊಬ್ಲೆನೌ ಪ್ರದೇಶದ ಸುಮಾರು 200 ಹೆಕ್ಟೇರ್ ಹಳೆಯ ಕಾರ್ಖಾನೆ ಭೂಮಿಯನ್ನು ತಂತ್ರಜ್ಞಾನ ಕಂಪನಿಗಳಿಗಾಗಿ ತೆರೆಯಲಾಯಿತು. ಕಚೇರಿ ಅಲ್ಲಿ ಸಿಕ್ಕಿತೆಂದರೆ ಮನೆಯನ್ನೂ ಅಲ್ಲಿಯೇ, ಅದರಲ್ಲೂ ಸಮುದ್ರದ ಹತ್ತಿರ ಹುಡುಕಬೇಕೆಂದು ಅನ್ನಿಸುವುದು ಸಹಜ. ನನ್ನ ಅಭಿಪ್ರಾಯದಲ್ಲಿ ಸಮುದ್ರ ಎಷ್ಟು ದೂರ ಎಂಬುದು ಇಲ್ಲಿ ಮನೆ ಆರಿಸುವುದಕ್ಕೆ ಅತ್ಯಂತ ಕಡಿಮೆ ಉಪಯೋಗಕ್ಕೆ ಬರುವ ಅಳತೆ. ಮನೆ ಗ್ರಾನ್ ವಿಯಾ ಹೆದ್ದಾರಿಯ ಯಾವ ಬದಿಗಿದೆ, ಯಾವ ಮೆಟ್ರೋ ಮಾರ್ಗಕ್ಕೆ ಹತ್ತಿರವಿದೆ, ಕಟ್ಟಡ ಯಾವ ಕಾಲದ್ದು, ಕರಾರು ಯಾವ ಬಗೆಯದು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಬಡಾವಣೆಯ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗಿಹೋಗುತ್ತದೆ.

ಬಾಡಿಗೆಯ ಅಂದಾಜಿಗೆ ಒಂದು ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಬಾಡಿಗೆ ಠೇವಣಿಗಳ ಸರ್ಕಾರಿ ದಾಖಲೆಗಳ ಪ್ರಕಾರ 2024ರ ಆರಂಭದಲ್ಲಿ ಇಡೀ ಬಾರ್ಸಿಲೋನಾದ ಸರಾಸರಿ ಬಾಡಿಗೆ ತಿಂಗಳಿಗೆ 1,190 ಯೂರೋ ಆಸುಪಾಸಿನಲ್ಲಿತ್ತು. ಇದು ನಿಜವಾಗಿ ಸಹಿಯಾದ ಕರಾರುಗಳ ಸರಾಸರಿ. ಇದಿಯಲಿಸ್ತಾ, ಫೋತೋಕಾಸಾ ಮುಂತಾದ ಜಾಲತಾಣಗಳ ಜಾಹೀರಾತಿನಲ್ಲಿ ಕಾಣುವ ಮೊತ್ತ ಇದಕ್ಕಿಂತ ಸಾಕಷ್ಟು ಮೇಲಿರುತ್ತದೆ. ಜಿಲ್ಲೆಯೊಳಗೆ ದಿಯಾಗೊನಾಲ್ ಮಾರ್ ಮತ್ತು ವಿಲಾ ಒಲಿಂಪಿಕಾ ಅತಿ ದುಬಾರಿ. ಬೆಸೋಸ್ ಮಾರೆಸ್ಮೆ ಹಾಗೂ ವೆರ್ನೆದಾ ಅತಿ ಅಗ್ಗ. ಉಳಿದವು ಇವುಗಳ ನಡುವೆ ಬರುತ್ತವೆ.

ಗ್ರಾನ್ ವಿಯಾದ ಎರಡು ಬದಿಗಳು

ಗ್ರಾನ್ ವಿಯಾ ಎಂಬ ಅಗಲವಾದ ರಸ್ತೆ ಜಿಲ್ಲೆಯನ್ನು ಉದ್ದಕ್ಕೆ ಎರಡು ಭಾಗ ಮಾಡುತ್ತದೆ. ಸಮುದ್ರದ ಬದಿಗೆ ಪೊಬ್ಲೆನೌ ಹೆಸರಿನಿಂದ ಗುರುತಿಸಿಕೊಳ್ಳುವ ಬಡಾವಣೆಗಳ ಗುಂಪು, ಬೆಟ್ಟದ ಬದಿಗೆ ಕ್ಲೋಟ್, ಕಾಂಪ್ ದೆ ಲಾರ್ಪಾ, ಸಂತ್ ಮಾರ್ತಿ ದೆ ಪ್ರೊವೆನ್ಸಾಲ್ಸ್ ಮತ್ತು ವೆರ್ನೆದಾ ಇವೆ. ಊರಿನವರು ದಾರಿ ಹೇಳುವಾಗ ಉತ್ತರ ದಕ್ಷಿಣ ಎನ್ನುವುದಿಲ್ಲ. ‘ಸಮುದ್ರದ ಕಡೆ’, ‘ಬೆಟ್ಟದ ಕಡೆ’, ‘ಬೆಸೋಸ್ ಕಡೆ’, ‘ಯೊಬ್ರೆಗಾತ್ ಕಡೆ’ ಎನ್ನುತ್ತಾರೆ; ಯೊಬ್ರೆಗಾತ್ ಎಂಬುದು ನಗರದ ನೈಋತ್ಯ ಬದಿಯ ನದಿ. ಜಾಹೀರಾತುಗಳಲ್ಲಿಯೂ ಇದೇ ಮಾತು ಬರುವುದರಿಂದ ಇದನ್ನು ಮೊದಲೇ ರೂಢಿಸಿಕೊಂಡರೆ ಅನುಕೂಲ. ಇಲ್ಲಿನ ರಸ್ತೆಗಳ ಚೌಕಳಿಯನ್ನು ದಿಕ್ಕುಗಳಿಗೆ ಸುಮಾರು 45 ಡಿಗ್ರಿ ಓರೆಯಾಗಿ ಹಾಕಲಾಗಿದೆ. ಆದ್ದರಿಂದ ಚೌಕಳಿಯೊಳಗಿನ ಮನೆಗಳು ಆಗ್ನೇಯ, ನೈಋತ್ಯ, ವಾಯವ್ಯ, ಈಶಾನ್ಯಗಳತ್ತ ಮುಖ ಮಾಡಿವೆ. ಅಪ್ಪಟ ಪೂರ್ವಾಭಿಮುಖದ ಬಾಗಿಲೇ ಬೇಕೆಂದು ಹಠ ಹಿಡಿಯುವವರಿಗೆ ಈ ಊರು ಸುಲಭವಾಗಿ ಒಲಿಯದು.

ಬಿಸಿಲಿನ ದೃಷ್ಟಿಯಿಂದ ಮಾತ್ರ ಈ ಮಾತನ್ನು ಗಂಭೀರವಾಗಿಯೇ ತೆಗೆದುಕೊಳ್ಳಬೇಕು. ಸಮುದ್ರದ ಕಡೆಗೆ ತೆರೆದ ಮನೆಗೆ ಬೆಳಗಿನಿಂದ ಮಧ್ಯಾಹ್ನದ ಮೊದಲ ಭಾಗದವರೆಗೆ ಬಿಸಿಲು ಬರುತ್ತದೆ. ಯೊಬ್ರೆಗಾತ್ ಕಡೆಯ ಮನೆ ಚಳಿಗಾಲದ ಮಧ್ಯಾಹ್ನ ಹಿತವಾಗಿದ್ದು ಜುಲೈ, ಆಗಸ್ಟ್‌ನಲ್ಲಿ ಕಾದುಹೋಗುತ್ತದೆ. ಬೆಟ್ಟದ ಕಡೆಯ ಮನೆಗೆ ಚಳಿಗಾಲದಲ್ಲಿ ಬಿಸಿಲೇ ಇಲ್ಲ. ಹಳೆಯ ಮನೆಗಳಲ್ಲಿ ಬಿಸಿಗಾಳಿಯ ಅಥವಾ ಬಿಸಿನೀರಿನ ಕೊಳವೆಗಳ ವ್ಯವಸ್ಥೆ ಇಲ್ಲದಿರುವುದು ಸಾಮಾನ್ಯವಾದ್ದರಿಂದ, ಜನವರಿಯಲ್ಲಿ ಹಾಲ್‌ಗೆ ಬಿಸಿಲು ಬೀಳುವುದೋ ಇಲ್ಲವೋ ಎಂಬುದು ವಿದ್ಯುತ್ ಬಿಲ್ಲಿನಲ್ಲಿ ನೇರವಾಗಿ ಕಾಣಿಸಿಕೊಳ್ಳುತ್ತದೆ.

ಮೆಟ್ರೋ ವಿಷಯದಲ್ಲಿ ಎರಡು ಬದಿಗಳ ನಡುವಿನ ವ್ಯತ್ಯಾಸ ಇನ್ನೂ ದೊಡ್ಡದು. ಸಮುದ್ರದ ಬದಿಗಿರುವುದು ಬಹುಮಟ್ಟಿಗೆ ಹಳದಿ ಬಣ್ಣದ 4ನೇ ಮಾರ್ಗ ಒಂದೇ. ಅದು ಪೊಬ್ಲೆನೌನಿಂದ ಹೊರಟು ವಿಲಾ ಒಲಿಂಪಿಕಾ, ಬಾರ್ಸೆಲೊನೆತಾ, ಜೌಮೆ ಪ್ರಿಮೆರ್ ಎಂದು ಕಡಲ ಅಂಚಿನಲ್ಲಿ ಬಳಸಿಕೊಂಡು ನಗರದ ನಡುಭಾಗಕ್ಕೆ ಬರುತ್ತದೆ. ಬೆಟ್ಟದ ಬದಿಯಲ್ಲಿ ಕೆಂಪು 1ನೇ ಮಾರ್ಗವೂ ನೇರಳೆ 2ನೇ ಮಾರ್ಗವೂ ಇದ್ದು, ಎರಡೂ ಕ್ಲೋಟ್ ನಿಲ್ದಾಣದಲ್ಲಿ ಸಂಧಿಸುತ್ತವೆ. ಅಲ್ಲಿಂದ 1ನೇ ಮಾರ್ಗದಲ್ಲಿ ಪ್ಲಾಸಾ ಕತಲುನ್ಯಾಕ್ಕಾಗಲಿ, 2ನೇ ಮಾರ್ಗದಲ್ಲಿ ಪಾಸೆಜ್ ದೆ ಗ್ರಾಸಿಯಾಕ್ಕಾಗಲಿ ಐದೇ ನಿಲ್ದಾಣ. ಸಮುದ್ರದ ಬದಿಯ ಕೊರತೆಯನ್ನು ಟ್ರಾಮ್ ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ವಿಲಾ ಒಲಿಂಪಿಕಾದಿಂದ ಗ್ಲೋರಿಯೆಸ್ ಮೂಲಕ ದಿಯಾಗೊನಾಲ್ ಮಾರ್ ಹಾಗೂ ಫೋರುಮ್ ಕಡೆಗೆ ಅದು ಓಡುತ್ತಿದ್ದು, 2024ರ ನವೆಂಬರ್‌ನಲ್ಲಿ ಗ್ಲೋರಿಯೆಸ್‌ನಿಂದ ಮುಂದಕ್ಕೆ ವೆರ್ದಗೇರ್‌ವರೆಗೆ ಹಳಿ ವಿಸ್ತರಣೆಯಾದ ಮೇಲೆ ಅದರ ಉಪಯೋಗ ಹೆಚ್ಚಿದೆ.

ಸಮುದ್ರದ ಬದಿ

ಪೊಬ್ಲೆನೌ ಹೆಸರಿನಡಿ ಕಾಣುವ ಜಾಹೀರಾತುಗಳೆಲ್ಲ ಒಂದೇ ಜಾಗದವಲ್ಲ. ಹಳೆಯ ಪೊಬ್ಲೆನೌ ಎಂದರೆ ರಾಂಬ್ಲಾ ದೆಲ್ ಪೊಬ್ಲೆನೌ ಎಂಬ ಮರಸಾಲಿನ ಬೀದಿಯ ಎಡಬಲದ ಊರು. ಕಡಿಮೆ ಎತ್ತರದ ಮನೆಗಳು, ಉನಿಯೋ ಮಾರುಕಟ್ಟೆ, ಸಂಜೆ ಹೊತ್ತು ಬೆಂಚುಗಳ ಮೇಲೆ ಕೂತ ಅಜ್ಜ ಅಜ್ಜಿಯರು, 1912ರಿಂದ ನಡೆಯುತ್ತಿರುವ ಎಲ್ ತಿಯೋ ಚೇ ಅಂಗಡಿಯ ಮುಂದೆ ಒರ್ಚಾತಾಕ್ಕಾಗಿ ನಿಂತ ಸಾಲು, ಇವೆಲ್ಲ ಇರುವುದು ಇಲ್ಲಿ. ಒಂದು ಬಗೆಯ ಸಣ್ಣ ಗಡ್ಡೆಯಿಂದ ತೆಗೆದ ಹಾಲಿನಂಥ ಈ ಪಾನೀಯ ಸಸ್ಯಾಹಾರಿಗಳಿಗೆ ಯಾವ ಅಡ್ಡಿಯೂ ಇಲ್ಲದ್ದು. ಕಚೇರಿಗೆ ನಡೆದುಕೊಂಡು ಹೋಗಬಹುದು, ಬೊಗತೆಲ್ ಮತ್ತು ಮಾರ್ ಬೆಯ್ಯಾ ಕಡಲತೀರಗಳಿಗೂ ನಡೆದು ಹೋಗಬಹುದು. ಹಣವಿದ್ದರೆ ಜಿಲ್ಲೆಯಲ್ಲಿ ವಾಸಕ್ಕೆ ಅತ್ಯಂತ ಸೊಗಸಾದ ಜಾಗ ಇದೇ ಎಂದು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಇಲ್ಲಿ ಖಾಲಿಯಾಗುವ ಮನೆಗಳು ಕಡಿಮೆ, ಕಾಯುವವರು ಬಹಳ, ಅಳತೆಯೂ ಕಿರಿದು.

ಪಾರ್ಕ್ ಇ ಲಾ ಯಾಕುನಾ ಮತ್ತು ಪ್ರೊವೆನ್ಸಾಲ್ಸ್ ದೆಲ್ ಪೊಬ್ಲೆನೌ ಎಂಬ ಬಡಾವಣೆಗಳು ಕಚೇರಿಗಳ ನಡುವೆ ಬೆಳೆದವು. ಮೊದಲನೆಯದು 2005ರಲ್ಲಿ ಪೂರ್ಣಗೊಂಡ, ಈಗ ತೊರೆ ಗ್ಲೋರಿಯೆಸ್ ಎಂದು ಕರೆಯುವ ಗೋಪುರದ ನೆರಳಿನಲ್ಲಿದೆ. ಪೊಂಪೆಯು ಫಾಬ್ರಾ ವಿಶ್ವವಿದ್ಯಾಲಯದ ಒಂದು ಆವರಣವೂ ಹಳೆಯ ಕಾರ್ಖಾನೆಯೊಂದರಲ್ಲಿ ಇಲ್ಲಿಯೇ ಇರುವುದರಿಂದ ವಿದ್ಯಾರ್ಥಿಗಳಿಗೆ ಅನುಕೂಲ. 2016ರಲ್ಲಿ ವಾಹನ ಸಂಚಾರ ತಗ್ಗಿಸಿ ರಸ್ತೆಗಳನ್ನು ನಡೆಯುವವರಿಗೆ ಬಿಟ್ಟುಕೊಟ್ಟ ‘ಸೂಪರ್‌ಇಯ್ಯಾ’ ಪ್ರಯೋಗ ನಡೆದದ್ದೂ ಈ ಸುತ್ತಿನಲ್ಲಿ. ಹಾಗೆಂದು ಇಲ್ಲಿ ಎಲ್ಲ ಬೀದಿಗಳೂ ಶಾಂತವಾಗಿವೆಯೆಂದು ಭಾವಿಸಬಾರದು. ಮರೀನಾ ಮೆಟ್ರೋ ನಿಲ್ದಾಣದಿಂದ ಬೊಗತೆಲ್ ಕಡೆಗಿನ ಕೆಲವು ಬೀದಿಗಳಲ್ಲಿ ರಜ್ಜಮತಾಜ್‌ನಂಥ ದೊಡ್ಡ ನೈಟ್‌ಕ್ಲಬ್‌ಗಳಿದ್ದು, ವಾರಾಂತ್ಯದಲ್ಲಿ ಬೆಳಗಿನ ಜಾವದವರೆಗೆ ಜನರ ಗದ್ದಲ ಇರುತ್ತದೆ. ಪ್ರೊವೆನ್ಸಾಲ್ಸ್ ಭಾಗದ ತೊಂದರೆ ಇದಕ್ಕೆ ತದ್ವಿರುದ್ಧ: ಶುಕ್ರವಾರ ಸಂಜೆ ಕಚೇರಿಗಳು ಮುಚ್ಚಿದರೆ ಸೋಮವಾರದವರೆಗೆ ಹಲವು ಬೀದಿಗಳು ಖಾಲಿ ಹೊಡೆಯುತ್ತವೆ, ಹಾಲು ತರುವುದಕ್ಕೂ ಸ್ವಲ್ಪ ನಡೆಯಬೇಕಾಗುತ್ತದೆ.

ಈ ಎರಡು ಬಡಾವಣೆಗಳಲ್ಲಿ ವಿಶೇಷ ಎಚ್ಚರಿಕೆ ಬೇಕಾದದ್ದು ‘ಲಾಫ್ಟ್’ಗಳ ವಿಷಯದಲ್ಲಿ. ಎತ್ತರದ ಚಾವಣಿ, ಇಟ್ಟಿಗೆಯ ಗೋಡೆ, ಕಬ್ಬಿಣದ ಕಂಬಗಳಿರುವ ಹಳೆಯ ಕಾರ್ಖಾನೆಯ ಜಾಗ ಚಿತ್ರದಲ್ಲಿ ಮನಸೆಳೆಯುತ್ತದೆ; ಆದರೆ ಅವುಗಳಲ್ಲಿ ಕೆಲವು ದಾಖಲೆಯಲ್ಲಿ ಇನ್ನೂ ವಾಣಿಜ್ಯ ಮಳಿಗೆಗಳೇ ಆಗಿದ್ದು, ಅವಕ್ಕೆ ವಾಸಯೋಗ್ಯತೆಯ ಪ್ರಮಾಣಪತ್ರ, ಅಂದರೆ ‘ಸೆದುಲಾ ದಾಬಿತಾಬಿಲಿತಾತ್’, ಇರುವುದಿಲ್ಲ. ಬಾರ್ಸಿಲೋನಾ ಸೇರಿರುವ ಕತಲುನ್ಯಾ (ಕ್ಯಾಟಲೋನಿಯಾ) ಪ್ರಾಂತ್ಯದಲ್ಲಿ ಮನೆಯೆಂದು ಬಾಡಿಗೆಗೆ ಕೊಡಲು ಈ ಪತ್ರ ಕಡ್ಡಾಯ. ಜಾಹೀರಾತು ನೋಡಿದ ದಿನವೇ ಅದರ ಪ್ರತಿಯನ್ನು ಕೇಳಬೇಕು. ‘ಆಮೇಲೆ ಕೊಡುತ್ತೇವೆ’ ಎಂಬ ಉತ್ತರ ಬಂದರೆ ಮುಂದಿನ ಮನೆ ನೋಡುವುದು ಮೇಲು.

ವಿಲಾ ಒಲಿಂಪಿಕಾವನ್ನು 1992ರ ಒಲಿಂಪಿಕ್ಸ್‌ನ ಕ್ರೀಡಾಪಟುಗಳಿಗಾಗಿ ಕಟ್ಟಿ, ನಂತರ ಸಾಮಾನ್ಯ ವಸತಿಯಾಗಿ ಬಿಟ್ಟುಕೊಡಲಾಯಿತು. ಮನೆಗಳು ದೊಡ್ಡವು, ಬ್ಲಾಕ್‌ಗಳ ಒಳಗೆ ಹುಲ್ಲುಹಾಸುಗಳಿವೆ, ನೆಲದಡಿ ವಾಹನ ನಿಲುಗಡೆಯಿದೆ, ಮಕ್ಕಳನ್ನು ಆಟಕ್ಕೆ ಬಿಡಲು ಸುರಕ್ಷಿತ. ಬೀದಿಬದಿಯ ಅಂಗಡಿಗಳು ಮಾತ್ರ ಕಡಿಮೆ. ಸಂಜೆಯ ಜೀವಂತಿಕೆ ಬೇಕಾದವರಿಗೆ ಬೇಸರ ತರಿಸುವ ಜಾಗ. ದಿಯಾಗೊನಾಲ್ ಮಾರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದೆ. ದಿಯಾಗೊನಾಲ್ ಹೆದ್ದಾರಿಯನ್ನು 1999ರಲ್ಲಿ ಸಮುದ್ರದವರೆಗೆ ತೆರೆದ ಮೇಲೆ ಎದ್ದ ಈ ಎತ್ತರದ ಕಟ್ಟಡಗಳಿಗೆ ಗೇಟು, ಕಾವಲುಗಾರ, ಈಜುಕೊಳ ಎಲ್ಲವೂ ಇವೆ. ಬೆಂಗಳೂರಿನ ವೈಟ್‌ಫೀಲ್ಡ್‌ನ ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಇದ್ದು ಬಂದವರಿಗೆ ಇದು ತಕ್ಷಣ ಪರಿಚಿತವೆನಿಸುತ್ತದೆ. ಪರಿಚಿತವೆನಿಸುವುದಕ್ಕಾಗಿಯೇ ಅಷ್ಟೊಂದು ಬಾಡಿಗೆ ತೆರಬೇಕೇ ಎಂಬುದನ್ನು ಅವರೇ ನಿರ್ಧರಿಸಬೇಕು. ಹತ್ತಿರದ ಫೋರುಮ್ ಬಯಲಿನಲ್ಲಿ ಬೇಸಿಗೆಯ ಆರಂಭದಲ್ಲಿ ಪ್ರಿಮಾವೆರಾ ಸೌಂಡ್ ಸಂಗೀತೋತ್ಸವ ರಾತ್ರಿಯಿಡೀ ನಡೆಯುತ್ತದೆ. ಅದೇ ಬಯಲಿನ ಕೆಳಗೆ ಕೊಳಚೆನೀರಿನ ಶುದ್ಧೀಕರಣ ಘಟಕವೂ ಪಕ್ಕದ ಸಂತ್ ಆದ್ರಿಯಾದಲ್ಲಿ ಕಸ ಸುಡುವ ಘಟಕವೂ ಇರುವುದರಿಂದ ಕೆಲವು ದಿನ ಗಾಳಿಯಲ್ಲಿ ವಾಸನೆ ತೇಲಿಬರುವುದುಂಟು. ಸಮುದ್ರ ಕಾಣುವ ಚಿತ್ರಗಳಲ್ಲಿ ಇವೆರಡೂ ಕಾಣುವುದಿಲ್ಲ.

ಬೆಟ್ಟದ ಬದಿ

ಮೊದಲ ಸಲ ಬಾರ್ಸಿಲೋನಾಕ್ಕೆ ಬಂದು, ಊರಿನ ಪರಿಚಯವಿಲ್ಲದೆ, 22 ಅರೋಬಾದಲ್ಲಿ ಕೆಲಸ ಮಾಡಬೇಕಾದವರಿಗೆ ನಾನು ಮೊದಲು ಸೂಚಿಸುವುದು ಕ್ಲೋಟ್. ಗ್ಲೋರಿಯೆಸ್ ವೃತ್ತಕ್ಕೆ ಇಲ್ಲಿಂದ ಕಾಲ್ನಡಿಗೆಯ ದೂರ. ಎರಡು ಮೆಟ್ರೋ ಮಾರ್ಗಗಳ ಜೊತೆಗೆ ಕ್ಲೋಟ್–ಅರಗೋ ನಿಲ್ದಾಣದಲ್ಲಿ ಉಪನಗರ ರೈಲೂ ನಿಲ್ಲುತ್ತದೆ, ಅದರಲ್ಲಿ ಆರ್2 ನಾರ್ದ್ ಹಿಡಿದರೆ ಎಲ್ಲಿಯೂ ಬದಲಿಸದೆ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ತಲುಪಬಹುದು. ಹಳೆಯ ರೈಲ್ವೆ ಕಾರ್ಯಾಗಾರದ ಗೋಡೆಗಳನ್ನೂ ಕಮಾನುಗಳನ್ನೂ ಉಳಿಸಿಕೊಂಡು ಮಾಡಿದ ಕ್ಲೋಟ್ ಉದ್ಯಾನ, ಅದರ ಪಕ್ಕದ ಮಾರುಕಟ್ಟೆ, ನವೆಂಬರ್‌ನ ಬಡಾವಣೆಯ ಹಬ್ಬ ಇವೆಲ್ಲ ಸೇರಿ ಇದು ಪ್ರವಾಸಿಗರ ದಾರಿಗೆ ಬೀಳದ, ತನ್ನ ಪಾಡಿಗೆ ತಾನು ಬದುಕುವ ಬಡಾವಣೆ. ಗ್ಲೋರಿಯೆಸ್ ವೃತ್ತದಡಿಯ ಸುರಂಗ ರಸ್ತೆ 2022ರಲ್ಲಿ ಪೂರ್ತಿಯಾಗಿ ತೆರೆದ ಮೇಲೆ ಆ ಕಡೆಯ ವಾಹನಗಳ ಕಾಟವೂ ಕಡಿಮೆಯಾಗಿದೆ. ಬಾಡಿಗೆ ಹಳೆಯ ಪೊಬ್ಲೆನೌಗಿಂತ ಸಾಮಾನ್ಯವಾಗಿ ಒಂದು ಮೆಟ್ಟಿಲು ಕೆಳಗೆ. ಮೆರಿದಿಯಾನಾ ಮತ್ತು ಅರಗೋ ರಸ್ತೆಗಳಿಗೆ ನೇರವಾಗಿ ತೆರೆದ ಮನೆಗಳನ್ನು ಮಾತ್ರ ಬಿಡುವುದು ಒಳ್ಳೆಯದು. ಅಲ್ಲಿ ಕಿಟಕಿ ತೆರೆದು ಮಲಗಲಾಗದು.

ಮೆರಿದಿಯಾನಾ ದಾಟಿದರೆ ಕಾಂಪ್ ದೆ ಲಾರ್ಪಾ. ಚೌಕಳಿ ಯೋಜನೆಗೆ ಮುಂಚಿನ ಇಕ್ಕಟ್ಟಾದ ಬೀದಿಗಳು ಇಲ್ಲಿ ಉಳಿದುಕೊಂಡಿವೆ. ರೊಜೆಂತ್ ಎಂಬ ಪಾದಚಾರಿ ಬೀದಿಯಲ್ಲಿ ತರಕಾರಿಯಿಂದ ಚಪ್ಪಲಿಯವರೆಗೆ ಎಲ್ಲವೂ ಸಿಗುತ್ತದೆ. ಸಂತ್ ಪೌ ಆಸ್ಪತ್ರೆ, ಸಗ್ರಾದಾ ಫಮಿಲಿಯಾ ಎರಡೂ ಹತ್ತಿರ. ಸಗ್ರಾದಾ ಫಮಿಲಿಯಾಕ್ಕೆ ಹತ್ತಿರ ಹೋದಷ್ಟೂ ಪ್ರವಾಸಿ ಮನೆಗಳು ಹೆಚ್ಚುತ್ತವೆ. ನಗರದಲ್ಲಿರುವ 10,101 ಪ್ರವಾಸಿ ವಸತಿ ಪರವಾನಗಿಗಳನ್ನು 2028ರ ನವೆಂಬರ್ ನಂತರ ನವೀಕರಿಸುವುದಿಲ್ಲವೆಂದು ಮೇಯರ್ ಜೌಮೆ ಕೊಯ್ಬೋನಿ 2024ರ ಜೂನ್‌ನಲ್ಲಿ ಘೋಷಿಸಿದ್ದಾರೆ. ಅಲ್ಲಿಯವರೆಗೆ ಮೆಟ್ಟಿಲಿನಲ್ಲಿ ಮಧ್ಯರಾತ್ರಿ ಉರುಳುವ ಸೂಟ್‌ಕೇಸುಗಳ ಸದ್ದು ಬೇಡವೆನ್ನುವವರು ಕಟ್ಟಡದ ಬಾಗಿಲಿನ ಬಳಿ ಪ್ರವಾಸಿ ವಸತಿಯ ಫಲಕ ಇದೆಯೇ ಎಂದು ನೋಡಿಕೊಳ್ಳಬೇಕು.

ಒಬ್ಬರ ಸಂಬಳದಲ್ಲಿ ಕುಟುಂಬ ನಡೆಸುವವರು ಸಂತ್ ಮಾರ್ತಿ ದೆ ಪ್ರೊವೆನ್ಸಾಲ್ಸ್ ಮತ್ತು ವೆರ್ನೆದಾ ಲಾ ಪೌ ಬಡಾವಣೆಗಳನ್ನು ನೋಡದೆ ತೀರ್ಮಾನ ಮಾಡಬಾರದು. 1950ರಿಂದ 70ರ ದಶಕದ ನಡುವೆ, ಸ್ಪೇನಿನ ಬೇರೆ ಭಾಗಗಳಿಂದ ಕೆಲಸ ಅರಸಿ ಬಂದವರಿಗಾಗಿ ಕಟ್ಟಿದ ಸಾಲು ಸಾಲು ಬ್ಲಾಕ್‌ಗಳಿವು. ಕಣ್ಣಿಗೆ ಅಂದವಿಲ್ಲ, ಬದುಕಿಗೆ ಅನುಕೂಲವಿದೆ. ಅಗಲವಾದ ರಾಂಬ್ಲಾ ಗಿಪುಸ್ಕೋವಾ, ಹಳೆಯ ತೋಟದ ಮನೆಗಳನ್ನು ಉಳಿಸಿಕೊಂಡ ಸಂತ್ ಮಾರ್ತಿ ಉದ್ಯಾನ, ನೇರಳೆ ಮಾರ್ಗದ ಬಾಕ್ ದೆ ರೋದಾ, ಸಂತ್ ಮಾರ್ತಿ, ಲಾ ಪೌ ನಿಲ್ದಾಣಗಳು ದಿನನಿತ್ಯದ ಅಗತ್ಯಕ್ಕೆ ಸಾಕು. ಇದೇ ಹಣಕ್ಕೆ ಸಮುದ್ರದ ಬದಿಯಲ್ಲಿ ಒಂದು ಕೋಣೆ ಕಡಿಮೆಯಾಗುತ್ತದೆ. ಉದ್ಯೋಗಿಯ ಜೊತೆ ಬಂದ ಸಂಗಾತಿಗೆ ಇಲ್ಲಿ ಇನ್ನೊಂದು ಲಾಭವಿದೆ: ವಯಸ್ಕರಿಗಾಗಿ 1978ರಲ್ಲಿ ನಿವಾಸಿಗಳೇ ಹೋರಾಡಿ ಪಡೆದ ವೆರ್ನೆದಾ–ಸಂತ್ ಮಾರ್ತಿ ಶಾಲೆ ಶಿಕ್ಷಣ ವಲಯದಲ್ಲಿ ಬಹಳ ಹೆಸರಾದದ್ದು, ಅಲ್ಲಿ ಸ್ಪ್ಯಾನಿಷ್ ಮತ್ತು ಕತಲಾನ್ ಕಲಿಯಬಹುದು. ಕಚೇರಿಗೆ ಹೋಗುವುದಕ್ಕೆ ಮೆಟ್ರೋಗಿಂತ ಬಸ್ಸು ಅಥವಾ ನಗರದ ಬಾಡಿಗೆ ಸೈಕಲ್ ಬಿಸಿಂಗ್ ಬೇಗ ಮುಟ್ಟಿಸುತ್ತದೆ. ಪಕ್ಕದ ಸಗ್ರೇರಾದಲ್ಲಿ ದೊಡ್ಡ ರೈಲು ನಿಲ್ದಾಣದ ಕಾಮಗಾರಿ ವರ್ಷಗಟ್ಟಲೆ ಎಳೆದುಕೊಂಡು ಬಂದಿದೆ. ಹಳಿಗಳ ಅಂಚಿನ ಮನೆಗಳಿಗೆ ಆ ಧೂಳು, ಸದ್ದು ತಪ್ಪಿದ್ದಲ್ಲ.

ಬೆಸೋಸ್ ಮಾರೆಸ್ಮೆ ಸಮುದ್ರದ ಬದಿಗಿದ್ದರೂ ಸ್ವಭಾವದಲ್ಲಿ ವೆರ್ನೆದಾದ ಬಂಧು, ಆದ್ದರಿಂದ ಅದನ್ನು ಇಲ್ಲಿಯೇ ಹೇಳುತ್ತೇನೆ. ಜಿಲ್ಲೆಯಲ್ಲಿ ಕಡಿಮೆ ಬಾಡಿಗೆಗೆ ಮೆಟ್ರೋ, ಟ್ರಾಮ್ ಮತ್ತು ಕಡಲು ಮೂರೂ ಹತ್ತಿರ ಸಿಗುವುದು ಇಲ್ಲಿ ಮಾತ್ರ. ಪಾಕಿಸ್ತಾನ ಮೂಲದ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿರುವುದರಿಂದ ತೊಗರಿಬೇಳೆ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪಿಗೆ ನಗರದ ನಡುವಿನ ರವಾಲ್ ಬಡಾವಣೆಯವರೆಗೆ ಅಲೆಯಬೇಕಿಲ್ಲ. ಬಡಾವಣೆಗೆ ಒಳ್ಳೆಯ ಹೆಸರಿಲ್ಲ ಎಂಬ ಮಾತನ್ನು ಮನೆ ತೋರಿಸುವ ಏಜೆಂಟರೇ ಹೇಳುತ್ತಾರೆ. ಅದರಲ್ಲಿ ಅರ್ಧ ನಿಜ, ಅರ್ಧ ಹಳೆಯ ಪೂರ್ವಗ್ರಹ. ರಾಂಬ್ಲಾ ಪ್ರಿಮ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೆ ಒಮ್ಮೆ ನಡೆದುನೋಡಿದರೆ ತಮಗೆ ಹೊಂದುತ್ತದೆಯೋ ಇಲ್ಲವೋ ಎಂಬುದು ಯಾರಿಗಾದರೂ ತಿಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕಟ್ಟಡದ ಸ್ಥಿತಿ. ಬಡಾವಣೆಯ ಹಲವು ಬ್ಲಾಕ್‌ಗಳಲ್ಲಿ ಅಂದಿನ ಕಾಲದ ಅಲ್ಯುಮಿನಾ ಸಿಮೆಂಟ್ ಬಳಸಿದ ತೊಲೆಗಳು ಸೊರಗಿದ್ದು, ದುರಸ್ತಿ ಹಂತಹಂತವಾಗಿ ನಡೆದುಬಂದಿದೆ. ಬಾಡಿಗೆಗೆ ಬರುವವರು ಕಟ್ಟಡದ ತಪಾಸಣಾ ವರದಿ ಆಗಿದೆಯೇ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಮನೆಯೊಳಗೆ ನೋಡಬೇಕಾದದ್ದು

ಮಹಡಿಯ ಲೆಕ್ಕದಲ್ಲಿ ಹೊಸಬರು ಮೋಸಹೋಗುವುದುಂಟು. ಹಳೆಯ ಕಟ್ಟಡಗಳಲ್ಲಿ ನೆಲಮಹಡಿಯ ಮೇಲೆ ‘ಎಂತ್ರೆಸೋಲ್’, ಅದರ ಮೇಲೆ ‘ಪ್ರಿನ್ಸಿಪಾಲ್’, ಆನಂತರ ‘ಮೊದಲನೆಯದು’ ಬರುವ ಕಡೆಗಳಿವೆ. ಅಂಥ ಕಟ್ಟಡದಲ್ಲಿ ‘ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ’ ಎಂದರೆ ನಮ್ಮ ಲೆಕ್ಕದಲ್ಲಿ ಆರನೇ ಮಹಡಿಗೆ ಅಕ್ಕಿಮೂಟೆ ಹೊರಬೇಕೆಂದು ಅರ್ಥ. ಕ್ಲೋಟ್, ಕಾಂಪ್ ದೆ ಲಾರ್ಪಾ, ವೆರ್ನೆದಾ, ಬೆಸೋಸ್‌ಗಳ ಹಳೆಯ ಬ್ಲಾಕ್‌ಗಳಲ್ಲಿ ಲಿಫ್ಟ್ ಇಲ್ಲದವು ಇನ್ನೂ ಇವೆ. ಅಡುಗೆಗೆ ಮತ್ತು ಸ್ನಾನದ ಬಿಸಿನೀರಿಗೆ ಕಿತ್ತಳೆ ಬಣ್ಣದ ಬ್ಯೂಟೇನ್ ಸಿಲಿಂಡರ್ ಬಳಸುವ ಮನೆಗಳೂ ಇಲ್ಲಿಯೇ ಹೆಚ್ಚು. ಸಿಲಿಂಡರ್ ನಮಗೆ ಹೊಸದಲ್ಲ. ಸ್ನಾನದ ನಡುವೆ ಅದು ಮುಗಿಯುವುದು ಮಾತ್ರ ಹೊಸ ಅನುಭವವಾಗುತ್ತದೆ.

ವಿದ್ಯುತ್ ವಿಷಯ ನಮ್ಮ ಅಡುಗೆಮನೆಗೆ ಇನ್ನೂ ಹತ್ತಿರದ್ದು. ಸ್ಪೇನಿನಲ್ಲಿ ಮನೆಯೊಂದು ಒಮ್ಮೆಗೆ ಎಷ್ಟು ಕಿಲೋವ್ಯಾಟ್ ಎಳೆಯಬಹುದು ಎಂಬುದನ್ನು ವಿದ್ಯುತ್ ಕಂಪನಿಯ ಜೊತೆಗಿನ ಕರಾರಿನಲ್ಲಿಯೇ ನಿಗದಿ ಮಾಡುತ್ತಾರೆ, ಅದಕ್ಕೆ ಪ್ರತಿ ತಿಂಗಳೂ ನಿಗದಿತ ಶುಲ್ಕವಿದೆ. ಚಿಕ್ಕ ಮನೆಗಳಲ್ಲಿ ಇದು 3.45 ಕಿಲೋವ್ಯಾಟ್ ಇರುವುದು ಸಾಮಾನ್ಯ. ಇಂಡಕ್ಷನ್ ಒಲೆಯ ಎರಡು ಬದಿ ಹೊತ್ತಿಸಿ, ಬಟ್ಟೆ ಯಂತ್ರ ಹಾಕಿ, ಅದರ ಜೊತೆಗೆ ಊರಿಂದ ತಂದ ಗ್ರೈಂಡರ್ ಶುರು ಮಾಡಿದರೆ ಇಡೀ ಮನೆ ಕತ್ತಲಾಗುತ್ತದೆ. ಮಿತಿಯನ್ನು ಹೆಚ್ಚಿಸಿಕೊಳ್ಳಬಹುದು, ಆದರೆ ವೈರಿಂಗ್ ಹಳೆಯದಾಗಿದ್ದರೆ ಹೊಸ ಪ್ರಮಾಣಪತ್ರ ಬೇಕಾಗಿ ಅದರ ಖರ್ಚು ಯಾರದೆಂಬ ವಾದ ಹುಟ್ಟುತ್ತದೆ. ಸಹಿ ಹಾಕುವ ಮೊದಲು ಹಿಂದಿನ ಬಾಡಿಗೆದಾರರ ಒಂದು ವಿದ್ಯುತ್ ಬಿಲ್ ಕೇಳಿ ಪಡೆದರೆ ಆ ಅಂಕಿ ಅದರಲ್ಲಿಯೇ ಇರುತ್ತದೆ.

ಅಳತೆ ಹೇಳುವಾಗ ಗೋಡೆಗಳನ್ನೂ ಸೇರಿಸಿದ ಒಟ್ಟು ವಿಸ್ತೀರ್ಣ ಮತ್ತು ಓಡಾಡಲು ಸಿಗುವ ವಿಸ್ತೀರ್ಣ ಬೇರೆ ಬೇರೆ. ‘ಒಳಮನೆ’ ಎಂದರೆ ಕಿಟಕಿಗಳು ಬೀದಿಗಲ್ಲ, ಕಟ್ಟಡದ ನಡುವಿನ ಗಾಳಿಬೆಳಕಿನ ಗವಾಕ್ಷಿಗೆ ತೆರೆಯುತ್ತವೆ ಎಂದು ಅರ್ಥ. ಸದ್ದು ಕಡಿಮೆ, ಬೆಳಕು ಅದಕ್ಕಿಂತ ಕಡಿಮೆ, ಒಗ್ಗರಣೆಯ ಘಾಟು ಎಲ್ಲ ಮಹಡಿಗಳಿಗೂ ಸಮಾನ.

ಕರಾರು

ನಮ್ಮ ಊರಿನ ರೂಢಿ ಅತಿ ಹೆಚ್ಚು ದಾರಿ ತಪ್ಪಿಸುವುದು ಕರಾರಿನ ವಿಷಯದಲ್ಲಿ. ಕರ್ನಾಟಕದಲ್ಲಿ ನೋಂದಣಿಯ ಗೊಡವೆ ಬೇಡವೆಂದು 11 ತಿಂಗಳ ಕರಾರು ಮಾಡಿಕೊಳ್ಳುವುದು ಎಲ್ಲರಿಗೂ ಗೊತ್ತು. ಆದ್ದರಿಂದ ಬಾರ್ಸಿಲೋನಾದಲ್ಲಿ ಏಜೆಂಟರು 11 ತಿಂಗಳ ಕರಾರು ಮುಂದಿಟ್ಟರೆ ನಮಗೆ ಅನುಮಾನವೇ ಬರುವುದಿಲ್ಲ. ಅಲ್ಲಿ ಅದರ ಅರ್ಥ ಬೇರೆ. ಖಾಯಂ ವಾಸಕ್ಕೆ ಕೊಟ್ಟ ಮನೆಯಲ್ಲಿ, 2019ರ ತಿದ್ದುಪಡಿಯ ಪ್ರಕಾರ, ಮಾಲೀಕರು ವ್ಯಕ್ತಿಯಾಗಿದ್ದರೆ 5 ವರ್ಷ, ಕಂಪನಿಯಾಗಿದ್ದರೆ 7 ವರ್ಷ ಬಾಡಿಗೆದಾರರು ಬಯಸಿದಲ್ಲಿ ಉಳಿಯುವ ಹಕ್ಕಿದೆ. ತಾತ್ಕಾಲಿಕ ವಾಸದ ‘ತೆಂಪೊರಾದಾ’ ಕರಾರಿಗೆ ಈ ರಕ್ಷಣೆ ಅನ್ವಯಿಸುವುದಿಲ್ಲ. ಓದು, ಚಿಕಿತ್ಸೆ, ಅಲ್ಪಾವಧಿಯ ಯೋಜನೆ ಮುಂತಾದ ಕಾರಣಕ್ಕೆ ಬಂದವರಿಗಾಗಿ ಇರುವ ಈ ಬಗೆಯನ್ನು ಬಾಡಿಗೆ ಮಿತಿಯಿಂದ ತಪ್ಪಿಸಿಕೊಳ್ಳಲು ಬಳಸಿಕೊಳ್ಳುವವರು ಹೆಚ್ಚಾದರು. ವರ್ಷಗಟ್ಟಲೆ ಇರುವ ಉದ್ದೇಶದಿಂದ ಬರುವವರು ಖಾಯಂ ವಾಸದ ಕರಾರನ್ನೇ ಕೇಳಬೇಕು. ತೆಂಪೊರಾದಾ ಕರಾರಿಗೆ ಒಪ್ಪುವುದಾದರೆ ಊರು ಅರಿಯುವ ಮೊದಲ ಕೆಲವು ತಿಂಗಳಿಗೆ ಮಾತ್ರ ಎಂದು ತಿಳಿದು ಒಪ್ಪಬೇಕು.

ಬಾಡಿಗೆ ಮಿತಿಯೂ ನಮಗೆ ಹೊಸದು. 2024ರ ಮಾರ್ಚ್‌ನಿಂದ ಬಾರ್ಸಿಲೋನಾ ಸೇರಿದಂತೆ ಕತಲುನ್ಯಾದ 140 ಪುರಸಭೆಗಳನ್ನು ಬಾಡಿಗೆಯ ಒತ್ತಡವಿರುವ ಪ್ರದೇಶಗಳೆಂದು ಘೋಷಿಸಲಾಗಿದೆ. ಕಳೆದ ಐದು ವರ್ಷಗಳಲ್ಲಿ ಮನೆ ಬಾಡಿಗೆಗೆ ಹೋಗಿದ್ದರೆ ಹೊಸ ಬಾಡಿಗೆ ಸಾಮಾನ್ಯವಾಗಿ ಹಿಂದಿನ ಕರಾರಿನ ಮೊತ್ತವನ್ನು, ವಾರ್ಷಿಕ ಏರಿಕೆ ಸೇರಿಸಿ, ಮೀರುವಂತಿಲ್ಲ. ಐದು ಅಥವಾ ಹೆಚ್ಚು ಮನೆಗಳಿರುವ ದೊಡ್ಡ ಮಾಲೀಕರಿಗೆ ಸರ್ಕಾರದ ಸೂಚ್ಯಂಕದ ಮಿತಿಯೂ ಇದೆ. ಹಿಂದಿನ ಬಾಡಿಗೆ ಎಷ್ಟಿತ್ತು ಎಂದು ಕೇಳುವುದು ಅಲ್ಲಿ ಒರಟುತನವಲ್ಲ. 2023ರ ವಸತಿ ಕಾನೂನಿನ ಮೇರೆಗೆ ಖಾಯಂ ವಾಸದ ಮನೆಗೆ ಬ್ರೋಕರ್ ಕಮಿಷನ್ ತೆರಬೇಕಾದದ್ದೂ ಮಾಲೀಕರೇ. ಬೇರೆ ಹೆಸರಿನಲ್ಲಿ ಅದನ್ನೇ ಕೇಳಿದರೆ ಬರವಣಿಗೆಯಲ್ಲಿ ಕೊಡಿ ಎಂದರೆ ಸಾಕು, ಬಹಳ ಸಲ ಆ ಮಾತು ಅಲ್ಲಿಗೇ ನಿಲ್ಲುತ್ತದೆ.

ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಅಭ್ಯಾಸವಾದವರಿಗೆ ಠೇವಣಿ ಕಡಿಮೆಯೆನಿಸುತ್ತದೆ: ಕಾನೂನಿನ ಠೇವಣಿ ಒಂದು ತಿಂಗಳ ಬಾಡಿಗೆ, ಅದರ ಮೇಲೆ ಹೆಚ್ಚಿನ ಭದ್ರತೆಯೆಂದು ಗರಿಷ್ಠ ಎರಡು ತಿಂಗಳು. ಇದಕ್ಕಿಂತ ಕಷ್ಟವಾಗುವುದು ಆದಾಯದ ಪುರಾವೆ. ಕಳೆದ ಮೂರು ತಿಂಗಳ ಸ್ಪ್ಯಾನಿಷ್ ಸಂಬಳ ಚೀಟಿ ಕೇಳುವುದು ವಾಡಿಕೆ. ಬಾಡಿಗೆ ಸಂಬಳದ ಮೂರನೇ ಒಂದು ಭಾಗ ಮೀರಿದರೆ ಬಾಡಿಗೆ ಬಾಕಿಯ ವಿಮೆ ಸಿಗುವುದಿಲ್ಲವೆಂದು ಮಾಲೀಕರು ಹಿಂಜರಿಯುತ್ತಾರೆ. ಹೊಸದಾಗಿ ಬಂದವರು ಉದ್ಯೋಗ ಕರಾರನ್ನೂ ಕಂಪನಿಯ ಪತ್ರವನ್ನೂ ಸ್ಪ್ಯಾನಿಷ್‌ನಲ್ಲಿ ಸಿದ್ಧವಾಗಿಟ್ಟುಕೊಂಡಿದ್ದರೆ ಮಾತುಕತೆ ಸುಲಭ. ಮನೆಯನ್ನು ಕಣ್ಣಾರೆ ನೋಡದೆ, ಬೆಂಗಳೂರಿನಲ್ಲಿ ಕೂತು ಯಾರಿಗೂ ಮುಂಗಡ ಕಳುಹಿಸಬಾರದು. ಚಿತ್ರಗಳನ್ನು ಕದ್ದು ಹಾಕಿದ ನಕಲಿ ಜಾಹೀರಾತುಗಳು ಹೆಚ್ಚಾಗಿ ವಿದೇಶದಿಂದ ಹುಡುಕುವವರನ್ನೇ ಗುರಿಯಾಗಿಸುತ್ತವೆ.

ವಿಳಾಸದ ನೋಂದಣಿಯನ್ನು, ಅಂದರೆ ‘ಪಾದ್ರೋ’ವನ್ನು, ಆ ಮನೆಯ ಮೇಲೆ ಮಾಡಿಸಬಹುದೇ ಎಂದು ಮೊದಲೇ ಖಚಿತಪಡಿಸಿಕೊಳ್ಳಬೇಕು. ಆರೋಗ್ಯ ಕಾರ್ಡಿನಿಂದ ಮಕ್ಕಳ ಶಾಲೆಯವರೆಗೆ ಎಲ್ಲಕ್ಕೂ ಅದೇ ಆಧಾರ. ಸರ್ಕಾರಿ ಶಾಲೆಗಳ ಪ್ರವೇಶದ ಅರ್ಜಿ ಸಾಮಾನ್ಯವಾಗಿ ಮಾರ್ಚ್‌ನಲ್ಲಿ ನಡೆಯುತ್ತಿದ್ದು, ಶಾಲೆಯ ಹತ್ತಿರ ವಾಸಿಸುವವರಿಗೆ ಹೆಚ್ಚು ಅಂಕ ಸಿಗುತ್ತದೆ. ಕಲಿಕೆಯ ಮಾಧ್ಯಮ ಕತಲಾನ್. ಚಿಕ್ಕ ಮಕ್ಕಳಿರುವವರು ಚಳಿಗಾಲ ಮುಗಿಯುವ ಮೊದಲೇ ಬಡಾವಣೆಯನ್ನು ನಿರ್ಧರಿಸಿದರೆ ಶಾಲೆಯ ಆಯ್ಕೆ ಕೈಯಲ್ಲಿರುತ್ತದೆ.

ಆರು ತಿಂಗಳು ಕಳೆದ ಮೇಲೆ 30 ದಿನ ಮುಂಚಿತವಾಗಿ ತಿಳಿಸಿ ಖಾಯಂ ವಾಸದ ಕರಾರಿನಿಂದ ಹೊರಬರಬಹುದು. ಕರಾರಿನಲ್ಲಿ ದಂಡದ ಷರತ್ತಿದ್ದರೆ ಉಳಿದ ಪ್ರತಿ ವರ್ಷಕ್ಕೆ ಒಂದು ತಿಂಗಳ ಬಾಡಿಗೆಯ ಲೆಕ್ಕದಲ್ಲಿ ಅದನ್ನು ಕಟ್ಟಬೇಕಾಗುತ್ತದೆ. ಮಾಲೀಕರು ಕಾನೂನಿನ ಠೇವಣಿಯನ್ನು ಕತಲುನ್ಯಾದ ಭೂಸಂಸ್ಥೆ ಇಂಕಾಸೋಲ್‌ನಲ್ಲಿ ಇಡಬೇಕು, ಕೀಲಿ ಹಿಂದಿರುಗಿಸಿದ ಒಂದು ತಿಂಗಳೊಳಗೆ ಬಾಕಿ ಮೊತ್ತ ಬಾಡಿಗೆದಾರರ ಕೈಸೇರಬೇಕು, ತಡವಾದರೆ ಕಾನೂನಿನ ಬಡ್ಡಿ ಸೇರುತ್ತದೆ. ಮನೆಗೆ ಕಾಲಿಟ್ಟ ದಿನ ಗೋಡೆಯ ತೇವ, ಒಡೆದ ಟೈಲ್ಸ್, ಹಳೆಯ ಹಾಸಿಗೆ ಎಲ್ಲದರ ಚಿತ್ರ ತೆಗೆದು ಅಂದೇ ಮಾಲೀಕರಿಗೆ ಮಿಂಚಂಚೆ ಮಾಡಿದ್ದರೆ, ಆ ಮೊತ್ತದಲ್ಲಿ ಎಷ್ಟು ಕಡಿತವಾಗಬೇಕೆಂಬ ಚರ್ಚೆ ಬೇಗ ಮುಗಿಯುತ್ತದೆ.